ವಿಷಯದ ಆಯ್ಕೆಯೂ ನಯವಿವೇಕವೂ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ದಿನದಿಂದ ಕಾಲೇಜುಗಳಲ್ಲಿ ಪ್ರವೇಶ ಮುಗಿಯುವವರೆಗೆ ನಮ್ಮ ಸಮಾಜದ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಗಮನಿಸಿದವರಿಗೆ ಒಂದು ಸಂಗತಿ ವೇದ್ಯವಾಗದೆ ಇರದು. ವಿಜ್ಞಾನ ಓದಿದ ಮಗುವನ್ನು ಇಂಜಿನಿಯರಿಂಗಿನಲ್ಲಿ ಯಾವ ಶಾಖೆ ಎಂದು ಕೇಳುತ್ತಾರೆ. ವಾಣಿಜ್ಯ ಓದಿದವರನ್ನು ಸಿ.ಎ. ಮಾಡುವೆಯಾ ಎಂದು ಕೇಳುತ್ತಾರೆ. ಬಿ.ಎ.ಗೆ ಸೇರುತ್ತೇನೆ ಎಂದವರನ್ನು ಮಾತ್ರ ಯಾವ ವಿಷಯ ತೆಗೆದುಕೊಳ್ಳುವೆ ಎಂದು ಯಾರೂ ಕೇಳುವುದಿಲ್ಲ. ಏಕೆ ಎಂದು ಕೇಳುತ್ತಾರೆ. ಆ 'ಏಕೆ'ಯಲ್ಲಿ ಅಂಕ ಕಡಿಮೆ ಬಂದಿತೇ ಎಂಬ ಮರುಕವೂ ಸೇರಿರುತ್ತದೆ. ಹೀಗಾಗಿ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಯಾವುದನ್ನು ಯಾವುದರೊಡನೆ ಓದಬೇಕೆಂಬ ನಿಜವಾದ ಪ್ರಶ್ನೆ ವಿಚಾರಕ್ಕೇ ಬಾರದೆ, ಅರ್ಜಿ ತುಂಬುವ ಕಿಟಕಿಯ ಮುಂದೆ ಐದು ನಿಮಿಷದಲ್ಲಿ, ಪಕ್ಕದಲ್ಲಿ ನಿಂತ ಗೆಳೆಯನ ಅರ್ಜಿಯನ್ನು ನೋಡಿ ತೀರ್ಮಾನವಾಗಿಬಿಡುತ್ತದೆ.

ಈ ಲೇಖಕನು ವಾಣಿಜ್ಯ ಪದವೀಧರ, ವೃತ್ತಿಯಿಂದ ವ್ಯಾಪಾರಿ. ಸಮಾಜವಿಜ್ಞಾನಗಳನ್ನು ಗುರುಮುಖೇನ ಕಲಿತವನಲ್ಲ. ಆದರೂ ಧರ್ಮಚಿಂತನೆಗೆ ಮೀಸಲಾದ ಈ ಪುಟಗಳಲ್ಲಿ ಈ ವಿಚಾರವನ್ನೆತ್ತಲು ಕಾರಣವಿದೆ. ವಿದ್ಯೆಯನ್ನು ವಿಭಾಗಿಸಿ, ಆ ವಿಭಾಗಗಳ ಪರಸ್ಪರ ಸಂಬಂಧವೇನೆಂದು ಆಳವಾಗಿ ಚಿಂತಿಸಿದ ಪರಂಪರೆ ನಮ್ಮದು. ಜಿನವಾಣಿಯು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗ ಎಂದು ನಾಲ್ಕು ಬಗೆಯಾಗಿರುವುದನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರೆಲ್ಲ ಬಲ್ಲರು. ಮಹಾಪುರುಷರ ಚರಿತೆ ಒಂದರಲ್ಲಿ. ಲೋಕವಿಭಾಗ, ಯುಗಪರಿವರ್ತನೆಗಳು ಇನ್ನೊಂದರಲ್ಲಿ. ಗೃಹಸ್ಥರ ಮತ್ತು ಮುನಿಗಳ ಆಚಾರ ಮತ್ತೊಂದರಲ್ಲಿ. ಜೀವಾಜೀವಾದಿ ತತ್ತ್ವಗಳು ಕೊನೆಯದರಲ್ಲಿ. ಪುರಾಣಶ್ರವಣದಿಂದ ಹೊರಟ ಶ್ರಾವಕನೂ ತತ್ತ್ವವಿಚಾರದಿಂದ ಹೊರಟ ಪಂಡಿತನೂ ಒಂದೇ ಬಸದಿಯಲ್ಲಿ ಕೂರುತ್ತಾರೆ. ದ್ರವ್ಯಾನುಯೋಗ ಬಲ್ಲವನು ಪ್ರಥಮಾನುಯೋಗವನ್ನು ಅಜ್ಜಿಕಥೆಯೆಂದು ಹಳಿದರೆ ಅವನಿಗೆ ದ್ರವ್ಯಾನುಯೋಗವೂ ದಕ್ಕಿಲ್ಲವೆಂದೇ ತಿಳಿಯಬೇಕು.

ಸಮಾಜವಿಜ್ಞಾನಗಳು ನಮಗೆ ಹೊರಗಿನ ವಿದ್ಯೆಯೆಂದು ಭಾವಿಸುವವರೂ ಇದ್ದಾರೆ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ನೀತಿವಾಕ್ಯಾಮೃತವೆಂಬ ರಾಜನೀತಿ ಗ್ರಂಥವನ್ನೂ ಬರೆದರು. ಮುನಿಗಳಾಗಿದ್ದೂ ಆ ಗ್ರಂಥವನ್ನು ರಾಜ್ಯಕ್ಕೆ ನಮಿಸಿ ಆರಂಭಿಸಿದರು. ಅವರಿಗಿಂತ ಒಂದು ಶತಮಾನ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬಡ್ಡಿ, ಅಸಲು, ಪಾಲುಗಾರಿಕೆಗಳ ಲೆಕ್ಕಗಳನ್ನು ವಿಸ್ತಾರವಾಗಿ ಕೊಟ್ಟರು. ಅಷ್ಟೇಕೆ, ಭಾರತೀಯ ಅರ್ಥನೀತಿಯ ಮೂಲಗ್ರಂಥವೆಂದು ಇಂದು ಎಲ್ಲರೂ ಹೆಸರಿಸುವ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಾಶಾಸ್ತ್ರಿಗಳು. ನಮ್ಮ ಸೀಮೆಯ ಮಕ್ಕಳಿಗೆ ಈ ವಿದ್ಯೆಗಳ ಹಾದಿ ಹೊಸದೇನೂ ಅಲ್ಲ.

ಇನ್ನು ನಿಯಮಗಳ ಮಾತು. ನಮ್ಮ ರಾಜ್ಯದಲ್ಲಿ ಬಿ.ಎ. ಎಂದರೆ ಬಹುಕಾಲದಿಂದ ಮೂರು ಐಚ್ಛಿಕ ವಿಷಯಗಳ ಒಂದು ಗುಚ್ಛ. ಎಚ್.ಇ.ಪಿ. ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ; ಎಚ್.ಇ.ಎಸ್. ಎಂದರೆ ಕೊನೆಯದರ ಬದಲು ಸಮಾಜಶಾಸ್ತ್ರ, ಎಚ್.ಇ.ಕೆ. ಎಂದರೆ ಐಚ್ಛಿಕ ಕನ್ನಡ. ಈ ಅಕ್ಷರಗಳನ್ನು 'ಕಾಂಬಿನೇಶನ್' ಎಂದು ಕರೆಯುವುದು ರೂಢಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಮೂರು ವಿಷಯಗಳು ಎರಡಾದವು; ಬೇರೆ ವಿಭಾಗದ 'ಮುಕ್ತ ಆಯ್ಕೆ'ಯ ಪತ್ರಿಕೆಗಳು ಸೇರಿದವು; ಮೂರನೆಯ ವರ್ಷದಲ್ಲಿ ಒಂದನ್ನು ಪ್ರಧಾನ ವಿಷಯವನ್ನಾಗಿ ಆರಿಸಿಕೊಳ್ಳುವ ಅವಕಾಶ ಬಂದಿತು; ನಾಲ್ಕನೆಯ ವರ್ಷ ಓದಿದರೆ ಆನರ್ಸ್ ಪದವಿ ಎಂದಾಯಿತು. ಮೂರು ವರ್ಷ ಕಳೆಯುವುದರೊಳಗೆ, 2024-25ರಿಂದ, ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ಮುಖ್ಯ ವಿಷಯಗಳು. ಅಕ್ಕ ತಂಗಿಯರು ಮೂವರು ಒಬ್ಬರ ಹಿಂದೊಬ್ಬರಂತೆ ಒಂದೇ ಕಾಲೇಜಿಗೆ ಹೋದರೂ ಮೂರು ಬಗೆಯ ನಿಯಮಗಳಲ್ಲಿ ಓದಿರುವ ಮನೆಗಳು ಹಾಸನದಲ್ಲಿವೆ. ಸರ್ಕಾರಗಳ ನೀತಿಯ ಗುಣದೋಷವನ್ನು ತೂಗುವುದು ಇಲ್ಲಿ ಉದ್ದೇಶವಲ್ಲ. ಆದರೆ ನೀತಿ ಎಷ್ಟು ಬಾರಿ ಬದಲಾದರೂ ಒಂದು ಹೊರೆ ವಿದ್ಯಾರ್ಥಿಯ ಹೆಗಲಿನಿಂದ ಇಳಿಯಲಿಲ್ಲ: ಆರಿಸಿಕೊಳ್ಳಬೇಕಾದದ್ದು ಅವನೇ.

ಸಾಲಗಾಮೆಯಲ್ಲಿರುವ ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳು ಈ ಹೊರೆಯನ್ನು ಹೊತ್ತದ್ದನ್ನು ಹತ್ತಿರದಿಂದ ಕಂಡೆ. ತಂದೆಗೆ ಅವಳು ಬಿ.ಕಾಂ. ಓದಬೇಕೆಂಬ ಆಸೆ. "ದೊಡ್ಡಪ್ಪ, ನೀವೇ ಒಂದು ಮಾತು ಹೇಳಿ. ಬಿ.ಕಾಂ. ಆದ್ರೆ ಬ್ಯಾಂಕೋ, ಆಡಿಟರ್ ಆಫೀಸೋ ಅಂತ ಒಂದು ದಾರಿ ಇರುತ್ತೆ. ಬಿ.ಎ. ಓದಿ ಏನು ಮಾಡ್ತಾಳೆ?" ಎಂದು ಆತ ನನ್ನಲ್ಲಿ ಹೇಳಿದಾಗ, ನಾನು ವಾಣಿಜ್ಯದವನಾದ್ದರಿಂದ ತನ್ನ ಪಕ್ಷವೇ ಗೆಲ್ಲುವುದೆಂಬ ಭರವಸೆ ಆತನಿಗಿತ್ತು. ಹುಡುಗಿ ವಾದ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಕೇಳಿದಳು: "ತಾತ, ನಮ್ಮ ಸುತ್ತಮುತ್ತ ಎಲ್ಲರೂ ಆಲೂಗಡ್ಡೆ ಹಾಕ್ತಿದ್ರಂತೆ. ಈಗ ಹೆಚ್ಚಿನವರು ಮುಸುಕಿನ ಜೋಳ ಹಾಕ್ತಾರೆ. ಯಾಕೆ ಬಿಟ್ರು ಅನ್ನೋದನ್ನ ಯಾವ ಸಬ್ಜೆಕ್ಟಲ್ಲಿ ಓದ್ತಾರೆ?"

ಕಂದಮೂಲವನ್ನು ತ್ಯಜಿಸಿದ ಮನೆಯ ಮಗುವಿಗೆ ಆಲೂಗಡ್ಡೆಯ ಚಿಂತೆ ಹತ್ತಿದ್ದು ನನಗೆ ಒಳಗೊಳಗೆ ನಗು ತರಿಸಿತಾದರೂ, ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಹಾಸನ ಸೀಮೆಯ ಆಲೂಗಡ್ಡೆಯ ಕಥೆ ವಾಚಕರಲ್ಲಿ ಅನೇಕರಿಗೆ ಗೊತ್ತು. ಬಿತ್ತನೆಯ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರಬೇಕು. ಮುಂಗಾರಿನ ಮುನ್ನ ಬೀಜಕ್ಕೆ ದೊಡ್ಡ ಮೊತ್ತ ಹೊಂದಿಸಬೇಕು. ಬಿತ್ತಿದ ಮೇಲೆ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಹಬ್ಬಿ, ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತಾಗುತ್ತದೆ. ಉಳಿದು ಬೆಳೆ ಬಂದರೆ ಬೆಲೆ ಇರುವುದೆಂಬ ಭರವಸೆಯಿಲ್ಲ. ಮುಸುಕಿನ ಜೋಳಕ್ಕೆ ಬೀಜದ ಖರ್ಚು ಕಡಿಮೆ, ಕೂಲಿ ಕಡಿಮೆ, ಕೋಳಿ ಆಹಾರದ ಕಾರ್ಖಾನೆಗಳಿಂದ ಬೇಡಿಕೆಯೂ ಇದೆ.

ಇಷ್ಟನ್ನು ಹೇಳಿದರೆ ಅರ್ಥಶಾಸ್ತ್ರದ ಉತ್ತರ ಸಿಕ್ಕಂತಾಯಿತು. ಆದರೆ ಒಂದು ಊರಿನಲ್ಲಿ ಯಾರು ಮೊದಲು ಬಿಟ್ಟರು, ಯಾರನ್ನು ನೋಡಿ ಯಾರು ಬಿಟ್ಟರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಗಡ್ಡೆ ಕೀಳಲು ಆಳು ಸಿಗದ ಮನೆ ಯಾವುದು, ಬೆಳೆ ಬದಲಾಯಿಸುವ ಮಾತಿನಲ್ಲಿ ಆ ಮನೆಯ ಹೆಂಗಸಿನ ಅಭಿಪ್ರಾಯವನ್ನು ಕೇಳಿದರೇ, ಇದು ಸಮಾಜಶಾಸ್ತ್ರ. ಯುರೋಪಿನ ವರ್ತಕರ ಹಡಗಿನಲ್ಲಿ ಬಂದ ಗಡ್ಡೆಯೊಂದು ಹಾಸನದ ರೈತನ ಮುಂಗಾರಿನ ಬೆಳೆಯಾದದ್ದು ಹೇಗೆಂಬುದು ಇತಿಹಾಸ. ಬಿತ್ತನೆಗೆ ಸಹಾಯಧನ ಕೊಡಬೇಕೆಂದು ಯಾರು ಕೂಗಿದರು, ಯಾರ ಕೂಗು ವಿಧಾನಸೌಧ ತಲುಪಿತು ಎಂಬುದು ರಾಜ್ಯಶಾಸ್ತ್ರ. ಹೊಲ ಒಂದೇ, ರೈತ ಒಬ್ಬನೇ, ಬಿಟ್ಟ ಬೆಳೆಯೂ ಒಂದೇ.

ನಯವೆಂಬ ಮಾತಿಗೆ ನಾನು ಬರುವುದು ಇಲ್ಲಿ. ವಸ್ತು ಅನಂತಧರ್ಮಾತ್ಮಕ. ಅದನ್ನು ಸಮಗ್ರವಾಗಿ ಗ್ರಹಿಸುವುದು ಪ್ರಮಾಣ. ಒಂದು ಧರ್ಮವನ್ನು ಮುಂದಿಟ್ಟು ಗ್ರಹಿಸುವುದು ನಯ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವು ನೈಗಮ, ಸಂಗ್ರಹ, ವ್ಯವಹಾರ, ಋಜುಸೂತ್ರ, ಶಬ್ದ, ಸಮಭಿರೂಢ, ಏವಂಭೂತ ಎಂದು ಏಳು ನಯಗಳನ್ನು ಹೇಳುತ್ತದೆ. ಸಂಗ್ರಹನಯವು ಸಾಮಾನ್ಯವನ್ನು ಹಿಡಿಯುತ್ತದೆ. ವ್ಯವಹಾರನಯವು ಅದನ್ನು ಒಡೆದು ವಿಶೇಷವನ್ನು ತೋರುತ್ತದೆ. ಋಜುಸೂತ್ರವು ಕಳೆದುದನ್ನೂ ಬರಲಿರುವುದನ್ನೂ ಬಿಟ್ಟು ಈ ಕ್ಷಣದ ಪರ್ಯಾಯವನ್ನು ಮಾತ್ರ ನೋಡುತ್ತದೆ. ಇಂದಿನ ಪೇಟೆಧಾರಣೆಯನ್ನು ಮಾತ್ರ ನೋಡಿ ಮಾತನಾಡುವ ನಮ್ಮಂಥ ವ್ಯಾಪಾರಿಗಳು ಹುಟ್ಟಾ ಋಜುಸೂತ್ರದವರು! ನಯವೊಂದು ತನ್ನ ಅಂಶವನ್ನು ಎತ್ತಿ ಹಿಡಿದು ಉಳಿದವನ್ನು ಗೌಣವಾಗಿಟ್ಟರೆ ಅದು ಸುನಯ. ಉಳಿದವು ಇಲ್ಲವೇ ಇಲ್ಲ ಎಂದರೆ ದುರ್ನಯ. ಇತರ ನಯಗಳ ಅಪೇಕ್ಷೆಯಿಲ್ಲದ ನಯವು ಮಿಥ್ಯೆಯೆಂಬುದನ್ನು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ನಿರ್ಣಯಿಸಿದ್ದಾರೆ. ಪದವಿ ತರಗತಿಯ ಒಂದೊಂದು ವಿಷಯವೂ ಒಂದೊಂದು ನಯವೆಂದು ತಿಳಿದರೆ ಆಯ್ಕೆಯ ಸ್ವರೂಪವೇ ಬದಲಾಗುತ್ತದೆ. ಯಾವ ವಿಷಯ ಮೇಲು ಎಂಬ ಪ್ರಶ್ನೆ ಹಿಂದೆ ಸರಿದು, ನನ್ನ ಮನಸ್ಸನ್ನು ಕಾಡುವ ವಸ್ತು ಯಾವುದು, ಅದನ್ನು ಯಾವ ಮೂರು ಕಡೆಗಳಿಂದ ನೋಡಲು ನನಗೆ ಸಾಧ್ಯ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ನಮ್ಮ ಜಿಲ್ಲೆಯದೇ ಒಂದು ನಿದರ್ಶನ ಕೊಡುತ್ತೇನೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲುವುದೆಂದು ವಿಧಿಸಿದನು. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಟ್ಟು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂಬ ಏರ್ಪಾಡಾಯಿತು. ಈ ಹೊಣೆ ವಹಿಸಿದ್ದು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವನೇ.

ನಾವು ಈ ಶಾಸನವನ್ನು ಸಭೆಗಳಲ್ಲಿ ಸರ್ವಧರ್ಮ ಸಮನ್ವಯಕ್ಕೆ ಉದಾಹರಣೆಯಾಗಿ ಹೇಳಿ ಚಪ್ಪಾಳೆ ಪಡೆಯುತ್ತೇವೆ. ಅದು ತಪ್ಪಲ್ಲ, ಆದರೆ ಒಂದೇ ನಯ. ರಾಜ್ಯಶಾಸ್ತ್ರದ ವಿದ್ಯಾರ್ಥಿ ಇದನ್ನು ಓದಿದರೆ, ಎರಡು ಸಮುದಾಯಗಳ ನಡುವೆ ನಿಂತ ಪ್ರಭುತ್ವವು ದುರ್ಬಲನ ರಕ್ಷಣೆಯನ್ನು ಪ್ರಬಲನಿಗೇ ಏಕೆ ಒಪ್ಪಿಸಿತು ಎಂದು ಕೇಳಿಯಾನು. ಸಮಾಜಶಾಸ್ತ್ರದವಳು, ಕೈಯಲ್ಲಿ ಕೈಯಿಡುವ ಆ ವಿಧಿಗೆ ಅಂದಿನ ಜನರ ಕಣ್ಣಿನಲ್ಲಿದ್ದ ಅರ್ಥವನ್ನೂ, ವಾದ್ಯ-ಕಲಶಗಳಂಥ ಗೌರವಚಿಹ್ನೆಗಳಿಗಾಗಿ ಜನ ಏಕೆ ಅಷ್ಟು ಹೋರಾಡುತ್ತಾರೆಂಬುದನ್ನೂ ವಿಚಾರಿಸಿಯಾಳು. ಅರ್ಥಶಾಸ್ತ್ರದ ಕಣ್ಣಿಗೆ ಇದು ಮನೆಗೊಂದರಂತೆ ಸಮಾನವಾಗಿ ಬಿದ್ದ ವಂತಿಗೆ. ಬಡವನಿಗೂ ಶೆಟ್ಟಿಗೂ ಒಂದೇ ಹಣ. ಇತಿಹಾಸಕಾರನು ವಿಜಯನಗರ ಅಂದು ಇನ್ನೂ ಹೊಸ ರಾಜ್ಯವಾಗಿತ್ತೆಂಬುದನ್ನು ನೆನಪಿಸಿ, ಉಳಿದ ಮೂವರಿಗೂ ಕಾಲದ ಅರಿವು ಕೊಡುತ್ತಾನೆ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಬೆಳಗೊಳದ ಶಾಸನಗಳು 144; 1923ರ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಇಷ್ಟು ಸಾಮಗ್ರಿಯನ್ನು ಮನೆಯಂಗಳದಲ್ಲೇ ಇಟ್ಟುಕೊಂಡು, ಬಿ.ಎ.ಯಲ್ಲಿ ಓದುವುದಕ್ಕೇನಿದೆ ಎಂದು ಕೇಳುವವರು ಹಾಸನ ಜಿಲ್ಲೆಯ ಜೈನರೇ ಆಗಿರುವುದು ನನಗೆ ವಿಷಾದದ ಸಂಗತಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲ ವಿಷಯಗಳೂ ಸತ್ಯದ ಅಂಶವೇ ಎಂದಮೇಲೆ ಯಾವುದನ್ನು ಓದಿದರೂ ಒಂದೇ ಅಲ್ಲವೇ? ಈ ಮಾತು ಸ್ಯಾದ್ವಾದವನ್ನು ಸಂಶಯವಾದವೆಂದು ಹಳಿಯುವವರ ಹಳೆಯ ಮಾತಿನ ಮರಿ. 'ಸ್ಯಾತ್' ಎಂಬುದು 'ಇರಬಹುದೇನೋ' ಎಂಬ ತೊದಲಲ್ಲ. 'ಈ ಅಪೇಕ್ಷೆಯಿಂದ ನಿಶ್ಚಯವಾಗಿ ಹೀಗೆ' ಎಂಬ ಖಚಿತ ನುಡಿ. ಭಾರತೀಯ ಸಂಖ್ಯಾಶಾಸ್ತ್ರದ ಪಿತಾಮಹ ಪಿ.ಸಿ. ಮಹಾಲನೋಬಿಸ್ ಅವರು 1954ರ ತಮ್ಮ ಪ್ರಬಂಧವೊಂದರಲ್ಲಿ ಸಪ್ತಭಂಗಿಯನ್ನು ಸಂಖ್ಯಾಶಾಸ್ತ್ರದ ತಳಹದಿಯೊಡನೆ ಹೋಲಿಸಿ ವಿವೇಚಿಸಿದರು; ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಅದೇ ವಿಚಾರವನ್ನು ಮುಂದುವರಿಸಿದರು. ಅನಿಶ್ಚಿತವಾದುದನ್ನು ನಿಶ್ಚಿತವಾದ ಮಿತಿಯೊಳಗೆ ಹೇಳುವುದು ಹೇಗೆಂಬುದೇ ಅವರಿಗೆ ಅಲ್ಲಿ ಕಂಡ ಬೆಲೆ. ಆದ್ದರಿಂದ ಅನೇಕಾಂತವನ್ನು ನೆಪವಾಗಿಸಿಕೊಂಡು ಸಿಕ್ಕಿದ ಪತ್ರಿಕೆಗಳನ್ನೆಲ್ಲ ಒಂದೊಂದು ಸೆಮಿಸ್ಟರಿಗೆ ಒಂದೊಂದರಂತೆ ರುಚಿ ನೋಡಿ ಬಿಡುವುದನ್ನು ನಾನು ಒಪ್ಪಲಾರೆ. ಮುಕ್ತ ಆಯ್ಕೆಯಿದ್ದ ವರ್ಷಗಳಲ್ಲಿ ಸುಲಭವಾಗಿ ಅಂಕ ಬರುವ ಪತ್ರಿಕೆ ಯಾವುದೆಂಬ ಪಟ್ಟಿಯೇ ವಿದ್ಯಾರ್ಥಿಗಳ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದು ಪರಿಗ್ರಹದ ಒಂದು ರೂಪ, ಪ್ರಮಾಣಪತ್ರಗಳ ಪರಿಗ್ರಹ.

ತಂದೆಯ ಭಯವನ್ನೂ ತಳ್ಳಿಹಾಕಲಾಗದು. ಜೀವನೋಪಾಯವು ಗೃಹಸ್ಥಧರ್ಮದ ಅಂಗವೇ. ಈ ದೃಷ್ಟಿಯಿಂದ ಆಯ್ಕೆಗೆ ಮೊದಲು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಅರ್ಥಶಾಸ್ತ್ರದಲ್ಲೋ ಸಮಾಜಶಾಸ್ತ್ರದಲ್ಲೋ ಎಂ.ಎ. ಮಾಡಬೇಕೆಂಬ ಬಯಕೆಯಿದ್ದರೆ ಸಾಮಾನ್ಯವಾಗಿ ಆ ವಿಷಯವನ್ನು ಪದವಿಯಲ್ಲಿ ಓದಿರಬೇಕು. ಇಂದು ಬಿಟ್ಟ ಬಾಗಿಲು ಮೂರು ವರ್ಷದ ಮೇಲೆ ತೆರೆಯುವುದು ಕಷ್ಟ. ಶಿಕ್ಷಕರ ಹುದ್ದೆಗಳ ನಿಯಮಗಳಲ್ಲಿ ಪದವಿಯಲ್ಲಿ ಇಂತಿಂಥ ವಿಷಯಗಳನ್ನು ಓದಿರಬೇಕೆಂಬ ಷರತ್ತು ಇರುತ್ತದೆ, ಬಿ.ಎಡ್. ಯೋಚನೆಯಿರುವವರು ಅದನ್ನು ಮೊದಲೇ ನೋಡಿಕೊಳ್ಳಬೇಕು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗಾಗಲಿ ಮೂರು ವರ್ಷದ ಎಲ್‌ಎಲ್.ಬಿ.ಗಾಗಲಿ ಯಾವ ಪದವಿಯಾದರೂ ಆದೀತು. ಅರ್ಥಶಾಸ್ತ್ರವನ್ನು ಮುಂದೆ ಆಳವಾಗಿ ಓದಬೇಕೆಂದರೆ ಗಣಿತ ಬೇಕೇ ಬೇಕು. ಗಣಿತಕ್ಕೆ ಹೆದರಿ ಕಲೆಗೆ ಬಂದವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಹೊಸ್ತಿಲು ದಾಟಿದ ಮೇಲೆ ಅವರಿಗೇ ತಿಳಿಯುತ್ತದೆ. ಕೊನೆಯದಾಗಿ, ಕಾಂಬಿನೇಶನ್ನಿನ ಅಕ್ಷರಗಳಿಗಿಂತ ಆ ಕಾಲೇಜಿನಲ್ಲಿ ಆ ವಿಷಯಕ್ಕೆ ಅಧ್ಯಾಪಕರಿದ್ದಾರೆಯೇ ಎಂಬುದು ಮುಖ್ಯ. ಹುದ್ದೆ ಖಾಲಿಯಿದ್ದು ಅತಿಥಿ ಉಪನ್ಯಾಸಕರ ನೇಮಕವೂ ತಡವಾದರೆ ಅರ್ಧ ಸೆಮಿಸ್ಟರ್ ಬರಿದೇ ಕಳೆಯುತ್ತದೆ. ಅರ್ಜಿ ತುಂಬುವ ಮುನ್ನ ಹಿಂದಿನ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕಂಡು ಮಾತನಾಡಿದರೆ ಯಾವ ಮಾಹಿತಿ ಪುಸ್ತಕದಲ್ಲೂ ಸಿಗದ ವಿಷಯ ಸಿಗುತ್ತದೆ.

ಹುಡುಗಿಯ ತಂದೆಗೆ ನಾನು ಹೇಳಿದ್ದು ಇಷ್ಟೇ. ಬಿ.ಕಾಂ. ಕೆಟ್ಟದ್ದಲ್ಲ, ನಾನು ಅದರ ಅನ್ನ ಉಂಡವನು. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳಿವೆ ಎಂಬುದನ್ನು ಅಲ್ಲಿಯೇ ಮೊದಲು ಕಲಿತದ್ದು. ಅನೇಕಾಂತ ಅರ್ಥವಾಗಲು ಜಮಾಖರ್ಚಿನ ಪುಸ್ತಕ ನನಗೆ ಕಡಿಮೆ ಸಹಾಯ ಮಾಡಿಲ್ಲ. ಆದರೆ ಆ ಪುಸ್ತಕದಲ್ಲಿ ರೈತ ಒಂದು ಖಾತೆಯಾಗಿ ಮಾತ್ರ ಕಾಣುತ್ತಾನೆ. ಅವನು ಬೆಳೆ ಬಿಟ್ಟದ್ದೇಕೆಂದು ಕೇಳುವ ಮಗುವನ್ನು ಆ ಖಾತೆಯ ಸಾಲಿನಲ್ಲಿ ಕೂರಿಸಿದರೆ ಪರೀಕ್ಷೆ ಪಾಸಾದಾಳು, ಪ್ರಶ್ನೆ ಸಾಯುತ್ತದೆ. ಆತ ಒಡನೆಯೇ, "ಪ್ರಶ್ನೆ ಹೊಟ್ಟೆ ತುಂಬಿಸುತ್ತಾ ದೊಡ್ಡಪ್ಪ?" ಎಂದ. ನ್ಯಾಯವಾದ ಮಾತು. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಕುಳಿತು ರೈತರ ದಿನಚರಿಯನ್ನು ಬರೆದುಕೊಂಡು, 1970ರಲ್ಲಿ ಆ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದ ಮೇಲೆ ನೆನಪಿನಿಂದಲೇ 1976ರಲ್ಲಿ ಪುಸ್ತಕ ಹೊರತಂದರು ಎಂದು ನಾನು ಹೇಳಬಹುದಿತ್ತು. ವಿಲಾಸ ಸಂಗವೆಯವರು ನಮ್ಮ ಸಮಾಜವನ್ನೇ ವಿಷಯವಾಗಿಸಿಕೊಂಡು 1959ರಲ್ಲಿ ಜೈನ ಸಮುದಾಯದ ಸಾಮಾಜಿಕ ಸಮೀಕ್ಷೆಯನ್ನು ಪ್ರಕಟಿಸಿದ್ದನ್ನೂ ಹೇಳಬಹುದಿತ್ತು. ಹೇಳಲಿಲ್ಲ. ದೊಡ್ಡವರ ಹೆಸರಿನಿಂದ ಮನೆಯ ಖರ್ಚು ನಡೆಯುವುದಿಲ್ಲವೆಂದು ಆತನಿಗೂ ಗೊತ್ತು, ನನಗೂ ಗೊತ್ತು.

ಆದರೆ ಇನ್ನೊಂದು ಮಾತನ್ನು ಹೇಳದೆ ಬಿಡಲಿಲ್ಲ. ನಾವು ಶ್ರಾವಕರು ಪರಿಗ್ರಹ ಪರಿಮಾಣವ್ರತವನ್ನು ಹೇಳುವಾಗ ಹೊಲ, ಮನೆ, ಚಿನ್ನ, ಧಾನ್ಯಗಳನ್ನು ಲೆಕ್ಕ ಹಾಕುತ್ತೇವೆ. ಪರಿಗ್ರಹದ ಮೂಲ ಮೂರ್ಛೆ, ಅಂದರೆ ಇದು ನನ್ನದೆಂಬ ಹಿಡಿತ ಎಂದು ಸೂತ್ರಕಾರರು ಹೇಳಿದ್ದನ್ನು ಮಕ್ಕಳ ವಿಷಯದಲ್ಲಿ ಮರೆಯುತ್ತೇವೆ. ತಂದೆಗೆ ತಿಳಿದಿರುವ ಲೋಕ, ಮಾರುಕಟ್ಟೆ, ಅಪಾಯ ಎಲ್ಲವನ್ನೂ ಮಗಳ ಮುಂದಿಡುವುದು ಕರ್ತವ್ಯ. ಅವಳ ಪರವಾಗಿ ಅರ್ಜಿಯಲ್ಲಿ ಅಕ್ಷರ ಬರೆಯುವುದು ಕರ್ತವ್ಯವಲ್ಲ. ಈ ಎರಡರ ನಡುವಿನ ಗೆರೆ ತೆಳುವೆಂಬುದು ನಿಜ. ಗಂಡುಮಗುವಿನ ವಿಷಯದಲ್ಲಿ ನಾವು ಆ ಗೆರೆಯನ್ನು ಅಷ್ಟಿಷ್ಟು ಕಾಣುತ್ತೇವೆ. ಹೆಣ್ಣುಮಗುವಿನ ವಿಷಯದಲ್ಲಿ ಗೆರೆಯೇ ಇಲ್ಲವೆಂಬಂತೆ ನಡೆಯುತ್ತೇವೆ. ಆಕೆ ಓದುವ ವಿಷಯ ಮದುವೆಯವರೆಗಿನ ಕಾಲಯಾಪನೆ ಎಂಬ ಎಣಿಕೆ ಬಾಯಲ್ಲಿ ಬಾರದಿದ್ದರೂ ಮನಸ್ಸಿನಲ್ಲಿರುತ್ತದೆ. ಬಿ.ಎ. ಬೇಡವೆಂದವರೂ, ಯಾವುದಾದರೂ ಒಂದು ಬಿ.ಎ. ಓದಿಕೊಳ್ಳಲಿ ಎಂದವರೂ ಈ ಒಂದು ವಿಷಯದಲ್ಲಿ ಒಂದೇ.

ಕೊನೆಗೆ ಒಂದು ಒಪ್ಪಂದವಾಯಿತು. ಹುಡುಗಿ ಎಚ್.ಇ.ಎಸ್. ತೆಗೆದುಕೊಂಡು ಹಾಸನಕ್ಕೆ ಬಸ್ಸಿನಲ್ಲಿ ಓಡಾಡುವುದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ್ದರಿಂದ ಹಾಸ್ಟೆಲಿನ ಮಾತು ಏಳಲಿಲ್ಲ. ಬೇಸಿಗೆ ರಜೆಯಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿಯಬೇಕೆಂಬ ಷರತ್ತನ್ನು ತಂದೆ ಹಾಕಿದ, ಅವಳು ಒಪ್ಪಿದಳು. ಆತನ ಭಯ ಪೂರ್ತಿ ಹೋಗಿಲ್ಲ. ಹೋಗಬೇಕೆಂದೂ ನಾನು ಬಯಸುವುದಿಲ್ಲ. ಅದೂ ಒಂದು ನಯ.

ಬುಕ್ಕರಾಯನ ಶಾಸನದ ವಿಷಯವನ್ನು ನಾನು ಅವಳಿಗೆ ಹೇಳಿದ್ದೆ. ಮೊನ್ನೆ ಮನೆಗೆ ಬಂದಾಗ ಅವಳ ನೋಟುಪುಸ್ತಕದಲ್ಲಿ ಒಂದು ಪ್ರಶ್ನೆ ಬರೆದಿತ್ತು: ವರ್ಷಕ್ಕೆ ಒಂದು ಹಣವೆಂದರೆ ಆಗಿನ ಬಡ ಮನೆಗೆ ಎಷ್ಟು ದಿನದ ಅಕ್ಕಿ? "ಇದನ್ನ ಇತಿಹಾಸದ ಮೇಷ್ಟ್ರನ್ನ ಕೇಳಲಾ ತಾತ, ಅರ್ಥಶಾಸ್ತ್ರದವರನ್ನಾ?" ಎಂದಳು. ಇಬ್ಬರನ್ನೂ ಕೇಳಮ್ಮ, ಇಬ್ಬರ ಉತ್ತರವನ್ನೂ ಬರೆದುಕೊಂಡು ಬಾ ಎಂದೆ.